ಮೂರು ಗೆಣ್ಣು

ನಮ್ಮ ಕಡೆ ಮೂರು ಗೆಣ್ಣೆಂದರೆ ಕಬ್ಬಿನ ಬಿತ್ತನೆ ತುಂಡು.
ಮಚ್ಚಿನ ಒಂದೇ ಏಟು, ಸಾಲಿಗೆ ಎಸೆ, ಮಣ್ಣು ತುಳಿ.
ನಾನು ಹದಿನಾರು ವರ್ಷದಿಂದ
ಬೇರೆ ಮೂರು ಗೆಣ್ಣು ಎಣಿಸುತ್ತಿದ್ದೇನೆ,
ಮಂಡ್ಯದ ಒಂದು ಪ್ರಯೋಗಶಾಲೆಯಲ್ಲಿ, ಉತ್ತರದ ಕಿಟಕಿಗೆ ಕೂತು,
ಅರ್ಧ ಮಿಲಿಮೀಟರಿನ ಕಣಜದ ಪಾದದಲ್ಲಿ.
ಮೊದಲ ವರ್ಷ ಧೂಳನ್ನು ಎರಡು ಸಲ ಕಣಜವೆಂದು ಬರೆದೆ.
ರಿಜಿಸ್ಟರಿನಲ್ಲಿ ಇನ್ನೂ ಇದೆ.

ಕುಲ ಕೇಳುವುದು ಹೊರಗೆ ತಪ್ಪು. ಇಲ್ಲಿ ಸಂಬಳದ ಕೆಲಸ.
ಪಾದಕ್ಕೆ ನಾಲ್ಕು ಗೆಣ್ಣೋ, ಐದೋ?
ಪಕ್ಕಕ್ಕಿಡು, ಅವರು ಬೇರೆ ಮನೆಯವರು.
ಮೂರೇ? ಹಾಗಾದರೆ ರೆಕ್ಕೆ ನೋಡು.
ಅಗಲವೇ, ದುಂಡಗೆ, ಬೀಸಣಿಗೆಯ ಹಾಗೆ?
ಮೇಲಿನ ಕೂದಲು ಎರಚಿದಂತಿದೆಯೋ
ಸಾಲುನಾಟಿ ಹಾಕಿದಂತಿದೆಯೋ?
ಸಾಲಾದರೆ, ಅಂಚಿನ ನರ ಎಲ್ಲೂ ಮುರಿಯದೆ
ನಾಲೆಯ ತಿರುವಿನಂತೆ ಬಾಗಿದ್ದರೆ,
ಕಣ್ಣು ಕುಂಕುಮದಷ್ಟು ಕೆಂಪಗಿದ್ದರೆ
ಬರೆದುಕೋ: ಟ್ರೈಕೋಗ್ರಾಮ.
ಕುಲ ಮುಗಿಯಿತು. ಇಲ್ಲಿವರೆಗೆ ಯಾರು ಬೇಕಾದರೂ ಬರುತ್ತಾರೆ.

ಮುಂದಿನದು ಗಂಡಿನ ದಾರಿ.
ಹೆಣ್ಣಿನ ಕುಡಿಮೀಸೆ ಒನಕೆಯ ತುದಿ, ದಪ್ಪ, ಮೊಂಡು,
ಎಲ್ಲರದೂ ಒಂದೇ ಥರ.
ಗಂಡಿನದಕ್ಕೆ ಉದ್ದುದ್ದ ರೋಮ. ಅವನನ್ನು
ಲವಂಗದೆಣ್ಣೆಯಲ್ಲಿ ಅದ್ದಿ, ಅಂಗಾತ ಮಲಗಿಸಿ,
ಗಾಜಿನ ಬಿಲ್ಲೆ ಮುಚ್ಚಿ
ಹೊಟ್ಟೆಯ ತುದಿಗೆ ಫೋಕಸ್ ಇಳಿಸಬೇಕು.
ಅಲ್ಲಿ, ಜನನಾಂಗದ ಒಂದು ಚಿಪ್ಪಿನ ಆಕಾರದಲ್ಲಿ,
ಇಡೀ ಪ್ರಭೇದದ ಹೆಸರು.
ಮನೆಗೆ ಹೋದರೂ ನನ್ನ ಬೆರಳಿಗೆ ಹಲ್ಲುನೋವಿನ ವಾಸನೆ.

ಈ ಬೇಸಿಗೆ ಹೊಳಲಿನ ಕಡೆಯಿಂದ
ಕೆಂಪಾಜಮ್ಮ ಒಂದು ಕಬ್ಬಿನ ಗರಿ ತಂದಳು.
ಗರಿಯಡಿಯಲ್ಲಿ ಕೊರಕದ ಮೊಟ್ಟೆ,
ಮೀನಿನ ಹುರುಪೆಯಂತೆ ಒಂದರ ಮೇಲೊಂದು, ಕಪ್ಪು.
ಕಪ್ಪೆಂದರೆ ಒಳಗೆ ನಮ್ಮವರು.
ಮೂರನೇ ದಿನ ಕೊಳವೆ ತುಂಬ ಕೆಂಪು ಕಣ್ಣು.
ನಲವತ್ತೊಂದು ಹೆಣ್ಣು. ಗಂಡು ಸೊನ್ನೆ.
ಅಕ್ಕಿಪತಂಗದ ಮೊಟ್ಟೆ ಅಂಟಿಸಿದ ಕಾರ್ಡು ಕೊಟ್ಟೆವು:
ಅವರ ಹೆಣ್ಣುಮಕ್ಕಳು,
ಆ ಹೆಣ್ಣುಮಕ್ಕಳ ಹೆಣ್ಣುಮಕ್ಕಳು.
ಆರು ತಲೆಮಾರು, ಒಂದೂ ಮದುವೆಯಿಲ್ಲ.

ಕೈಪಿಡಿ ತೆರೆದೆ. ಅದರ ಬಾಗಿಲುಗಳೆಲ್ಲ
‘ಗಂಡಿನಲ್ಲಿ’ ಎಂದೇ ತೆರೆಯುತ್ತವೆ.
ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದೆ:
ಟ್ರೈಕೋಗ್ರಾಮ, ಪ್ರಭೇದ ತಿಳಿಯದು, ಹೊಳಲು.

ಕೆಂಪಾಜಮ್ಮ ಓದಿಸಿಕೊಂಡಳು.
“ಗಂಡಿಲ್ದಿದ್ರೆ ಹೆಸ್ರೂ ಇಲ್ವಾ ಅವ್ಕೆ?
ಆ ಬ್ಯಾಂಕ್ನೋನೂ ಹಿಂಗೇ ಕೇಳ್ದ ಬುಡಿ,”
ಅಂದು, ಮೊಟ್ಟೆ ಜರಡಿ ಹಿಡಿಯಲು ಕೂತಳು.

ಡಾಕ್ಟರ್ ಜಯಕೀರ್ತಿ ಫೋನಿನಲ್ಲಿ ನಕ್ಕರು.
ಒಳಗೊಂದು ಬ್ಯಾಕ್ಟೀರಿಯಾ ಇರುತ್ತದಂತೆ,
ತಾಯಿಯಿಂದ ಮಗಳಿಗೆ ಇಳಿದು ಬರುವುದು, ಬಳುವಳಿಯ ಹಾಗೆ.
ಅದು ಇರುವ ತನಕ ಹೆಣ್ಣೇ.
“ಜೇನಿಗೆ ಮಾತ್ರೆ ಕಲಸಿ ತಿನ್ನಿಸಿ.
ಎರಡು ಮೂರು ತಲೆಮಾರಿಗೆ ಗಂಡು ಬರ್ತಾನೆ.
ಸ್ಲೈಡ್ ಮಾಡಿ ಕಳಿಸಿ, ಹೆಸರು ಹೇಳ್ತೀನಿ.”

ಕಳಿಸಬೇಕು. ಹೆಸರಿಲ್ಲದೆ ಕಡತ ಮೇಜು ದಾಟುವುದಿಲ್ಲ.
ಮಾತ್ರೆ ಅರೆದೆ. ಸೂಜಿಮೊನೆಯಲ್ಲಿ ಜೇನಿನ ಗೆರೆ ಎಳೆದೆ.
ಒಂದು ಕೊಳವೆಗೆ ಮದ್ದಿನ ಜೇನು,
ಇನ್ನೊಂದಕ್ಕೆ ಬರಿ ಜೇನು. ಯಾಕೋ, ಅದನ್ನು ಯಾರೂ ಹೇಳಿರಲಿಲ್ಲ.

ಬರಿ ಜೇನಿನವರ ಕಾರ್ಡುಗಳನ್ನು ಕೆಂಪಾಜಮ್ಮ
ತಿಂಡಿ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ ಒಯ್ದಳು.
ಹೊತ್ತು ಇಳಿದ ಮೇಲೆ ಗರಿಯಡಿಗೆ ಸ್ಟೇಪ್ಲರ್ ಹೊಡೆದಳಂತೆ.
ಕೊರಕದ ಮೊಟ್ಟೆ ಮತ್ತೆ ಕಪ್ಪಾಗಿವೆಯಂತೆ.
ಚೀಟಿ ಹಾಗೇ ಇದೆ, ಪೆನ್ಸಿಲಿನಲ್ಲಿ.

ಕೊಳವೆ ಮುಚ್ಚುವಾಗ ಒಬ್ಬಳು
ನನ್ನ ಹೆಬ್ಬೆರಳ ಉಗುರಿಗೆ ಹತ್ತಿದಳು.
ಕುಡಿಮೀಸೆಯಲ್ಲಿ ತಟ್ಟಿ ತಟ್ಟಿ ನಡೆದಳು,
ಉಬ್ಬು ಎಷ್ಟು, ಅಂಚು ಎಲ್ಲಿ,
ಒಳಗೆ ಏನಾದರೂ ಇದೆಯೇ.
ನಾನು ಉಸಿರು ಹಿಡಿದೆ, ಪರೀಕ್ಷೆಗೆ ನಿಂತವಳಂತೆ.
ಮೊಟ್ಟೆಯಲ್ಲವೆಂದು ಗೊತ್ತಾದದ್ದೇ
ಕಿಟಕಿಯ ಬೆಳಕಿಗೆ ಹಾರಿದಳು.