ಇಟ್ಟಿಗೆಗೂಡಿನಲ್ಲಿ, ಫ್ಯಾನ್ ಆರಿಸಿದ ಮೇಲೆ

ಮೂವತ್ತೊಂದು ವರ್ಷ ರೇಷ್ಮೆ ಮಗ್ಗದೆದುರು ನಿಂತು
ಕಿವಿ ಅಲ್ಲೇ ಬಿಟ್ಟು ಬಂದವನು ನಾನು.
ನಲ್ಲಿ ತೊಟ್ಟಿಕ್ಕಿದರೆ ತಿಳಿಯುವುದು ಕೆಂಪಾಜಮ್ಮನಿಗೆ,
ನಡುಮನೆ ದಾಟಿ, ಒಗ್ಗರಣೆಯ ಚಟಪಟ ದಾಟಿ.
"ರೀ, ಬಚ್ಚಲು!" ಅನ್ನುತ್ತಾಳೆ.
ನನಗೆ ಬರೀ ತುಟಿ ಕಾಣುತ್ತದೆ.

ಎಲ್ಲಿಯ ನೀರು, ನಿನ್ನ ಭ್ರಮೆ, ಅಂದೆ.
ಪಂಥಕ್ಕೆ ಒಂದು ರಾತ್ರಿ ಚೊಂಬಿಟ್ಟಳು.
ಬೆಳಗಿಗೆ ಚೊಂಬು ತುಂಬಿ, ಅದರಡಿಯ ಬೇಸಿನ್ನೂ ಅರ್ಧ.
ಮಾತಾಡದೆ ಅಗ್ರಹಾರಕ್ಕೆ ನಡೆದು
ಎಂಟು ರೂಪಾಯಿಯ ವಾಷರ್ ತಂದೆ.

ಅಂದಿನಿಂದ ಮನೆಯಲ್ಲಿ ಅವಳದೇ ಕಾಯಿದೆ:
ಅಕ್ಕಿ ತೊಳೆದ ನೀರು ಕರಿಬೇವಿಗೆ.
ಕಾಳು ರಾತ್ರಿಯೇ ನೆನೆಯಬೇಕು, ಗ್ಯಾಸ್ ಏನು ಪುಕ್ಕಟೆಯೇ?
ಸೋಲಾರ್ ಪೈಪಿನಲ್ಲಿ ಮೊದಲು ಬರುವ ತಣ್ಣೀರು
ಚರಂಡಿಗಲ್ಲ, ಬಕೆಟ್ಟಿಗೆ;
ಬಿಸಿ ಬರುವ ತನಕ ನಾನು ಟವೆಲ್ ಸುತ್ತಿಕೊಂಡು
ಬಕೆಟ್ಟು ಕಾಯುವ ಕಾವಲುಗಾರ.
ನಾನೂ ಒಂದು ಕಾಯಿದೆ ಸೇರಿಸಿದೆ:
ಜಗಲಿಯ ದೀಪ ಒಂಬತ್ತರವರೆಗೆ ಸಾಕು.
ಅದನ್ನು ಮರೆಯುವವನೂ ನಾನೇ.

ಮಲಗುವ ಮುಂಚೆ ಒಂದೊಂದೇ ಆರಿಸುತ್ತ ಬರುತ್ತಾಳೆ,
ಟಿವಿಯ ಕೆಂಪು ಕಣ್ಣು, ಚಾರ್ಜರಿನ ಹಸಿರು ಚುಕ್ಕಿ,
ಮಾರ್ಗಶಿರದ ಚಳಿಯಲ್ಲೂ
ಅಭ್ಯಾಸಕ್ಕೆ ತಿರುಗುವ ಫ್ಯಾನು.
ಪಾಳಿ ಮುಗಿದ ಮಗ್ಗದ ಹಾಗೆ ಮನೆ ನಿಲ್ಲುತ್ತದೆ.

ಆಗ ಮೊಣಕೈಯಿಂದ ತಿವಿಯುತ್ತಾಳೆ.
ಮೃಗಾಲಯದ ಗೋಡೆಯಾಚೆ ಸಿಂಹ.

ನನಗೆ ಕೇಳದು. ಕಿಟಕಿಯ ಗಾಜಿಗೆ
ಅಂಗೈ ಒತ್ತಿ ಕಾಯುತ್ತೇನೆ.
ಫ್ಯಾನು ತಿರುಗುವಷ್ಟು ಕಾಲ ತಿಳಿಯದೇ ಇದ್ದ ಒಂದು ನಡುಕ
ಬೆರಳ ಬುಡದವರೆಗೆ ಬಂದು ಹೋಗುತ್ತದೆ.

ಕತ್ತಲಲ್ಲಿ ತುಟಿ ಕಾಣದು.
ಕಿವಿಗೆ ಅವಳ ಉಸಿರು ತಾಗುತ್ತದೆ.
ಏನು ಕೇಳಿದಳೋ,
ಹ್ಞೂಂ, ಅನ್ನುತ್ತೇನೆ.