ಕರಿ ನಾಲ್ಕು

ಬೈತಖೋಲ ಬಂದರಿನಲ್ಲಿ ನಾನೀಗ
ದೋಣಿಯ ಇಂಜಿನ್ನು ಬಿಚ್ಚುತ್ತೇನೆ.
ಹಿಂದೆ ಬೇಸ್ ಗಿಟಾರ್ ನುಡಿಸುತ್ತಿದ್ದೆ ಅಂದರೆ
ಗ್ರೀಸು ಮೆತ್ತಿದ ಬೆರಳು ನೋಡಿ ಹುಡುಗರು ನಗುತ್ತಾರೆ.
ನಗಲಿ. ಇದು ನನ್ನ ಕತೆಯಲ್ಲ,
ಇನಾಸನದು.

ಕೋಡಿಬಾಗದ ಇಗರ್ಜಿಯಲ್ಲಿತ್ತು ತುಳಿಯುವ ಆರ್ಗನ್ನು.
ಕಾಲು ಎಟುಕದ ವಯಸ್ಸು;
ತಂಗಿಯನ್ನು ಕೆಳಗೆ ಕೂರಿಸಿ
ಕೈಯಲ್ಲಿ ಒತ್ತಿಸುತ್ತಿದ್ದ.
ಪಾದ್ರಿ ಕಣ್ಣು ಮುಚ್ಚಿದಾಗ
ಸ್ತೋತ್ರಕ್ಕೊಂದು ಮಾತ್ರೆ ಕದ್ದು ಸೇರಿಸುತ್ತಿದ್ದ,
ಇಡೀ ಸಭೆ ಉಸಿರು ತಪ್ಪಿ
ಆಮೆನ್ನಿನ ಹೊಸ್ತಿಲಲ್ಲಿ ಎಡವುತ್ತಿತ್ತು.

ಏಳು ಮಾತ್ರೆಯ ಹುಚ್ಚು ಅವನಿಗೆ.
"ನಾಲ್ಕು ಮನೆ ಮುಟ್ಟಿಸ್ತದೆ ಮಾರಾಯ,
ಏಳು ದಾರಿ ತಪ್ಪಿಸ್ತದೆ.
ನಮಗೆ ಬೇಕಾದ್ದು ದಾರಿ."
ತ್ರಿವುಡೆ ಕೇಳಲು ಅಂಕೋಲೆಯವರೆಗೆ ಸೈಕಲ್ ತುಳಿದ,
ಬೆಳಗಿನ ಜಾವದ ಆಟದಲ್ಲಿ
ಮದ್ದಳೆಯವನ ಮೊಣಕೈಗೆ ತಾಗಿ ಕೂತು
ತೊಡೆಯ ಮೇಲೆ ಲೆಕ್ಕ ಬರೆದುಕೊಂಡ.

ಆಗ ಕಾಳಿಗೆ ಸೇತುವೆ ಇರಲಿಲ್ಲ.
ಮಡಗಾಂವಿನಿಂದ ಬಂದ ಸಿಂಥಸೈಜರು
ಕಂಬಳಿ ಹೊದ್ದು ಲಾಂಚ್ ಹತ್ತಿತು
ಬಂಗಡೆ ಬುಟ್ಟಿಗಳ ನಡುವೆ.
ಒಂದು ತುದಿ ಅವನು ಹಿಡಿದ, ಒಂದು ತುದಿ ನಾನು.
"ಏನದು, ಹೆಣವಾ?" ಎಂದಳು ಮೀನಿನವಳು.
"ಇನ್ನೂ ಹುಟ್ಟಿಲ್ಲ, ಬಾಯೇ," ಅಂದ ಇನಾಸ.

ಡ್ರಮ್ಮಿಗೆ ಸದಾಶಿವಗಡದ ಮಕಬೂಲ,
ಗಿಟಾರಿಗೆ ತಾಂಡೇಲರ ವಿಠೋಬ.
ಒಂದೇ ಹಾಡು, ಇಪ್ಪತ್ತಮೂರು ನಿಮಿಷ.
ನಡುವೆ ಮಾತೇ ಇಲ್ಲದ ಒಂಬತ್ತು ನಿಮಿಷ,
ಅಲ್ಲಿ ಅವನ ಎಡಗೈ ಭರತ, ಬಲಗೈ ಇಳಿತ,
ನಾವು ಮೂವರು ದಡದಲ್ಲಿ ನಿಂತು ಕಾಯುವವರು.

ಮುಂಬಯಿಯ ಕ್ಯಾಸೆಟ್ಟಿನವನು, "ಕತ್ತರಿಸಿ" ಅಂದ.
"ಎಲ್ಲಿ?"
"ಎಲ್ಲಾದರೂ."
"ಮೀನಾದರೂ ತಲೆ ಎಲ್ಲಿ ಬಾಲ ಎಲ್ಲಿ
ನೋಡಿ ಕತ್ತರಿಸ್ತಾರೆ ಸ್ವಾಮಿ."
ಐನೂರು ಮಾಡಿಸಿದೆವು, ಮುನ್ನೂರ ಅರವತ್ತು ಮರಳಿ ಬಂದವು.
ನನ್ನವ್ವ ಟೇಪು ಎಳೆದು
ಹರಿವೆ ಮಡಿಗೆ ಸುತ್ತಲೂ ಕಟ್ಟಿದಳು.
ಗಾಳಿ ಬಂದಾಗಲೆಲ್ಲ ಗುಬ್ಬಿಗಳಿಗೆ
ಅವನ ಸಂಗೀತ.

ಆಮೇಲೆ ಮದುವೆಗಳು. ಮದುವೆಯಲ್ಲಿ
ಏಳಕ್ಕೆ ಯಾರೂ ಕುಣಿಯುವುದಿಲ್ಲ.
ಆಮೇಲೆ ಹಡಗು: ಹದಿನಾಲ್ಕು ವರ್ಷ ಬಿಳಿಕೋಟು,
ಮುದುಕ ದಂಪತಿಗಳಿಗೆ ವಾಲ್ಟ್ಸು.
ರಾತ್ರಿ ಎರಡಕ್ಕೆ ಖಾಲಿ ಸಭಾಂಗಣದಲ್ಲಿ
ಇಪ್ಪತ್ತಮೂರು ನಿಮಿಷ ಪೂರ್ತಿ.
ನೆಲ ಒರೆಸುವ ಫಿಲಿಪ್ಪೀನ್ಸಿನವನೊಬ್ಬ ಶ್ರೋತೃ.
"ಒಂದೇ ಒಂದು ರಾತ್ರಿ," ಎಂದು ಕಾಗದ ಬರೆದಿದ್ದ,
"ಅವನ ಬಕೆಟ್ಟು ತಾಳಕ್ಕೆ ಸರಿಯಾಗಿ ಬಿತ್ತು."

ಹಳೆ ಸೇತುವೆ ಮುರಿದು ಬಿದ್ದ ಮಳೆಗಾಲ
ಅವನೂ ಹೋದ.

ತಂಗಿ ರೊಸಾಲಿನ್
ಆಟೋದಲ್ಲಿ ತಂದಿಳಿಸಿದಳು, ಅದೇ ಕಂಬಳಿ.
"ನೋಡಿಡು. ಮಾರಿದರೆ ಎಷ್ಟು ಬಂದೀತು?"

ಅದರಲ್ಲಿ ಒಂದು ಮನೆ ನುಡಿಯದು, ಕರಿ ನಾಲ್ಕು.
ನಮಗೆಲ್ಲ ಗೊತ್ತು, ಎಂಬತ್ತನಾಲ್ಕರಿಂದಲೂ ಮೂಗ.
"ಉಪ್ಪುಗಾಳಿ" ಅನ್ನುತ್ತಿದ್ದ.
ನೋಯುವ ಹಲ್ಲು ತಪ್ಪಿಸಿ ಅಗಿಯುವ ಹಾಗೆ
ಅದನ್ನು ಬಳಸಿಕೊಂಡೇ ನುಡಿಸುತ್ತಿದ್ದ;
ಕೇಳಿದವರು ಅದನ್ನೇ ಶೈಲಿ ಅಂದರು.

ಸ್ಕ್ರೂ ಬಿಚ್ಚಿದೆ. ಉಪ್ಪಿಲ್ಲ, ತುಕ್ಕಿಲ್ಲ.
ಮನೆಯಡಿಗೆ ನೀಟಾಗಿ ಮಡಚಿ ತುರುಕಿದ್ದು
ಲಾಂಚಿನ ಟಿಕೇಟು. ಎರಡು.
ಒಂದು ಅವನದು.
ಇನ್ನೊಂದು, ಕಂಬಳಿಯ ಆ ತುದಿ ಹಿಡಿದವನದಿರಬೇಕು.

ತೆಗೆದು ಒತ್ತಿದೆ. ನುಡಿಯಿತು,
ಕೊಳೆ ಇಲ್ಲದ, ಯಾರದೂ ಅಲ್ಲದ ಸಪ್ಪೆ ಸ್ವರ,
ಬ್ಯಾಂಕಿನ ಬಾಗಿಲ ಗಂಟೆಯ ಹಾಗೆ.
ತುಸು ಹೊತ್ತು ಕೂತೆ. ಹೊರಗೆ ಯಾರೋ
ಡೀಸೆಲ್ ಬಂತಾ ಎಂದು ಕೂಗುತ್ತಿದ್ದರು.

ಹಳೆ ಮಡಿಕೆಯ ಗೆರೆಯಲ್ಲೇ ಮಡಚಿ
ಎರಡನ್ನೂ ಸಿಕ್ಕಿಸಿ ಮುಚ್ಚಿದೆ.

"ಒಂದು ಮನೆ ಕೆಟ್ಟಿದೆ," ಅಂದೆ ರೊಸಾಲಿನ್‌ಗೆ,
"ಯಾರೂ ಕೊಳ್ಳುವುದಿಲ್ಲ."
ಅವಳು ನನ್ನನ್ನು ನೋಡಿದಳು, ಬಹಳ ಹೊತ್ತು,
ಕೆಳಗೆ ಕೂತು ಪೆಡಲ್ ಒತ್ತಿದವಳು.
"ಹಾಗಾದರೆ ನೀನೇ ಇಟ್ಟುಕೋ," ಅಂದಳು,
"ಆಟೋದ ಅರವತ್ತು ರೂಪಾಯಿ ಕೊಡು."