ಎಡ ಮುಂಗಾಲು

ರಾತ್ರಿ ನಿಲ್ಲಿಸಿದಾಗ ಸರಿಯಾಗೇ ನಿಂತಿತ್ತು.
ಬೆಳಗ್ಗೆ ಹಾಲು ತರಲು ಗೇಟು ತೆಗೆದರೆ
ಎಡ ಮುಂಗಾಲು ಮಡಚಿ ಕೂತಿದೆ,
ಏಳಲೋ ಬೇಡವೋ ಎನ್ನುವ ಎಮ್ಮೆಯ ಹಾಗೆ.
ಗುಂಡಿ ಒತ್ತಿದೆ.
ಹೊಟ್ಟೆಯೊಳಗೆಲ್ಲೋ ಪಂಪೊಂದು ನರಳಿ
ಗಾಳಿ ತುಂಬಿಕೊಂಡು ಮೆಲ್ಲಗೆ ಎದ್ದಿತು ಜರ್ಮನಿಯ ಗಾಡಿ
ಏನೂ ಆಗಿಲ್ಲವೆಂಬಂತೆ.
ಏನೂ ನೋಡಿಲ್ಲವೆಂಬಂತೆ ನಾನೂ ಹತ್ತಿ ಕೂತೆ.

ದುರ್ಗಿಗುಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬು ನನ್ನದು,
ಇಪ್ಪತ್ತೆರಡು ವರ್ಷವಾಯಿತು.
ಮೊದಲು ಸ್ಕೂಟಿ, ಕಾಲ ಬಳಿ ಐಸಿನ ಡಬ್ಬಿ.
ಆಮೇಲೊಂದು ಓಮ್ನಿ. ಒಮ್ಮೆ ಅದರ ಬಾಗಿಲು ಕೈಗೇ ಬಂತು,
ತಂತಿ ಕಟ್ಟಿದೆವು, ನೂರಿಪ್ಪತ್ತು ರೂಪಾಯಿ.
ಭದ್ರಾವತಿಯ ಕ್ರಷರ್ ಯಜಮಾನರು ಇದನ್ನು ತೋರಿಸಿದ ದಿನ
ನಾನು ಕೇಳಿದ್ದು ಬಾಗಿಲು ಮುಚ್ಚುವ ಸದ್ದನ್ನು ಮಾತ್ರ:
ಉಯಿಲು ಓದಿ ಮುಗಿಸಿದ ವಕೀಲರು
ಫೈಲು ಮುಚ್ಚಿದಂತಿತ್ತು.

ಹೊಸದರ ಮೂರನೇ ಒಂದು ಬೆಲೆಗೆ ಬಂತು ಗಾಡಿ.
ಬಿಡಿಭಾಗಗಳಿಗೆ ಈ ವಿಷಯ ಯಾರೂ ಹೇಳಿರಲಿಲ್ಲ.
ನೀರಿನ ಪಂಪು, ನಲವತ್ತೊಂದು ಸಾವಿರ.
ಹಿಂದಿನ ದೀಪದೊಳಗೆ ಒಂದು ಚಮಚೆ ಹಬೆ, ಮೂವತ್ತೆಂಟು.
ಲ್ಯಾಬಿನ ಹಳೇ ರಿಜಿಸ್ಟರಿನಲ್ಲಿ ಎಲ್ಲ ಬರೆದಿಟ್ಟಿದ್ದೇನೆ,
'ರೋಗಿಯ ಹೆಸರು' ಎಂಬ ಕಾಲಮ್ಮಿನ ಕೆಳಗೆ.

ಮಂಡಗದ್ದೆಯ ಹತ್ತಿರ ಒಂದು ಸಂಜೆ
ಪರದೆಯ ಮೇಲೆ ಬಹಳ ಮರ್ಯಾದೆಯಿಂದ ಬರೆದು ಬಂತು:
ದಯವಿಟ್ಟು ಸುರಕ್ಷಿತವಾಗಿ ನಿಲ್ಲಿಸಿ.
ಹಿಂದೆ ತೀರ್ಥಹಳ್ಳಿಯ ಸ್ಯಾಂಪಲ್ಲುಗಳು, ಕರಗುವ ಐಸು.
ಹೊಳೆ ನಡುವಿನ ಮರಗಳಲ್ಲಿ ಜಾಗಕ್ಕೆ ಜಗಳವಾಡುತ್ತಿದ್ದ
ಕೊಕ್ಕರೆಗಳು ನನ್ನ ಕಡೆ ನೋಡಲೂ ಇಲ್ಲ.
ಕೊನೆಗೆ ನಿಂತದ್ದು ಮೀನಿನ ಓಮ್ನಿ.
ಅವನದೂ ಐಸು, ನನ್ನದೂ ಐಸು.
ಹದಿನೇಳು ಜನರ ರಕ್ತ
ಬಂಗುಡೆಯ ಪಕ್ಕ ಕೂತು ಊರು ಸೇರಿತು.

ಆಟೋ ಕಾಂಪ್ಲೆಕ್ಸಿನ ಇಮ್ತಿಯಾಜ್ ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ
ಹನ್ನೊಂದು ಸಾಲಿನ ರಿಪೋರ್ಟು ತೆಗೆದ.
ಕಾಗದ ನೋಡಿದ, ನನ್ನ ನೋಡಿದ, ಮತ್ತೆ ಕಾಗದ ನೋಡಿದ.
ಆ ಮುಖ ನನಗೆ ಗೊತ್ತು.
ಕೌಂಟರಿನಲ್ಲಿ ದಿನಾ ಅದನ್ನೇ ಹಾಕಿಕೊಳ್ಳುತ್ತೇನೆ.
"ಅಂಥದ್ದೇನಿಲ್ಲ ಅಕ್ಕಾ, ಒಂದ್ಸಲ ಮಂಗಳೂರಲ್ಲಿ ತೋರಿಸಿಬಿಡಿ."

ಎರಡು ಲಕ್ಷ ಎಂಬತ್ತನಾಲ್ಕು ಸಾವಿರ. ಕೂಲಿ ಬೇರೆ.
ಲಾರಿಯ ಬೆನ್ನೇರಿ ಘಟ್ಟ ಇಳಿಯುವ ಖರ್ಚು ಬೇರೆ.

ಮಾರಿಬಿಡೋಣ ಎಂದಾಗ ಇಮ್ತಿಯಾಜ್ ದನಿ ತಗ್ಗಿಸಿದ:
"ಕೋಡ್ ಅಳಿಸಿಕೊಡ್ಲಾ?
ನೂರು ಕಿಲೋಮೀಟರ್ ತನಕ ದೀಪ ಹತ್ತಲ್ಲ."
ಕೇಳಿದವರು ಹೊಸನಗರದ ಗ್ಯಾಸ್ ಏಜೆನ್ಸಿಯ ವಾಮದೇವಪ್ಪ.
ಹೊಸನಗರಕ್ಕೆ ಎಪ್ಪತ್ತು ಚಿಲ್ಲರೆ.
ಆಗ ಹೊಳೆಯಿತು ನನಗೆ:
ಭದ್ರಾವತಿಯಿಂದ ಇಲ್ಲಿಗೆ ಇಪ್ಪತ್ತೇ.

ಸಕ್ಕರೆ ಕಾಯಿಲೆಯ ಮೇಷ್ಟ್ರೊಬ್ಬರು ಪ್ರತಿ ತಿಂಗಳೂ ಬೇಡುತ್ತಾರೆ,
"ಒಂದಿಪ್ಪತ್ತು ಕಮ್ಮಿ ಬರೀರಿ ತಾಯಿ,
ಮನೇಲಿ ಜಿಲೇಬಿ ಮುಟ್ಟಿಸಲ್ಲ."
ಒಂದೂ ಅಂಕಿ ತಿದ್ದಿದವಳಲ್ಲ ನಾನು.
ಆದರೂ ಅವತ್ತು
ಬೇಡ ಎನ್ನಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ವಾಮದೇವಪ್ಪ ಬಂದರು. ಕಿತ್ತಳೆ ದೀಪ ನೋಡಿದರು.
ರಿಜಿಸ್ಟರಿನ ಜೆರಾಕ್ಸ್ ಕೊಟ್ಟೆ, ಮಡಚಿ ಜೇಬಿಗಿಟ್ಟರು.
ಬಾಗಿಲು ತೆಗೆದು ಮುಚ್ಚಿದರು.
ಇನ್ನೊಮ್ಮೆ ತೆಗೆದು, ಕಿವಿಯಿಟ್ಟು, ಮುಚ್ಚಿದರು.
ಅಯ್ಯೋ, ಪಾಪ ಅನ್ನಿಸಿತು.
"ಯೋಚಿಸಿ ಹೇಳ್ತೀನಿ" ಎಂದವರು ಇನ್ನೂ ಯೋಚಿಸುತ್ತಿದ್ದಾರೆ.

ಸುಳ್ಳೇಕೆ, ಓಡುವಾಗ ಅದು ಓಡುತ್ತದೆ.
ಗಾಜನೂರು ದಾಟಿದ ಮೇಲಿನ ತಿರುವುಗಳಲ್ಲಿ
ಟ್ಯೂಬಿನೊಳಗಿನ ರಕ್ತ ಕೂಡ ಅಲುಗುವುದಿಲ್ಲ.

ಇವತ್ತು ಬೆಳಗ್ಗೆ ಗೇಟು ತೆಗೆದರೆ
ಬಲಗಾಲೂ ಮಡಚಿದೆ.
ಈಗ ನೋಡಲು ಸಮವಾಗಿದೆ.